ಲಿಂಬೆಹುಳಿಗಿಂತ ಮೊದಲು ಐಸು

ಸೆವಿಚೆ ಎಂಬ ತಿನಿಸು ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಸಿಗುತ್ತಿದೆ. ಹಸಿ ಮೀನಿನ ತಿರುಳನ್ನು ಸಣ್ಣಗೆ ಹೆಚ್ಚಿ, ಉಪ್ಪು, ಲಿಂಬೆರಸ, ನೀರುಳ್ಳಿ, ಮೆಣಸು ಬೆರೆಸಿ, ಒಲೆಗೆ ತೋರಿಸದೆಯೇ ತಿನ್ನುವ ಪೆರು ದೇಶದ ಪದಾರ್ಥ ಅದು. ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಮಾಡುವವರು ನಮ್ಮ ಕಡೆಯಲ್ಲೂ ಹುಟ್ಟಿಕೊಂಡಿದ್ದಾರೆ. ಗಂಗೊಳ್ಳಿಯ ನನ್ನ ಮನೆಯಲ್ಲಿ ನಾನೂ ಮಾಡುತ್ತೇನೆ, ಬಂದವರಿಗೆ ಬಡಿಸುತ್ತೇನೆ. ಮೀನು ದಂಡೆಗೆ ಬಂದು ಬೀಳುವ ಊರಿನವರು ಇದನ್ನು ಮಾಡಿ ನೋಡಲೇಬೇಕು ಎನ್ನುವವಳು ನಾನು. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ಮೀನುಗಾರರ ಮನೆಯಲ್ಲಿ ಹುಟ್ಟಿದವಳು ಎಂಬ ಎರಡೂ ನೆಲೆಯಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಲಿಂಬೆಹುಳಿ ಮೀನನ್ನು ಬೇಯಿಸುತ್ತದೆ ಎಂದು ನಂಬಿ ಯಾರೂ ಇದಕ್ಕೆ ಕೈಹಾಕಬೇಡಿ.

ತಿರುಳಿಗೆ ಲಿಂಬೆರಸ ತಾಗಿದ ಸ್ವಲ್ಪ ಹೊತ್ತಿಗೆ ಅದು ಬೆಳ್ಳಗಾಗುತ್ತದೆ, ಬಿಗಿಯುತ್ತದೆ. ಹುಳಿ ಹಿಂಡಿದ ಹಾಲು ಒಡೆಯುವ ಹಾಗೆ, ಇಲ್ಲೂ ಆಮ್ಲಕ್ಕೆ ಸಿಕ್ಕ ಪ್ರೋಟೀನಿನ ಎಳೆಗಳು ಬಿಚ್ಚಿಕೊಂಡು ಮತ್ತೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಬೆಂಕಿಯೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ. ಹಾಗಾಗಿ ಕಣ್ಣಿಗೆ ಬೆಂದಂತೆ ಕಾಣುತ್ತದೆ, ಹಲ್ಲಿಗೂ ಬೆಂದಂತೆ ಸಿಗುತ್ತದೆ. ಆದರೆ ಬೆಂಕಿ ಕೊಲ್ಲುವುದನ್ನೆಲ್ಲ ಹುಳಿ ಕೊಲ್ಲುವುದಿಲ್ಲ. ಲಿಂಬೆರಸದ ಪಿಎಚ್ 2ರಿಂದ 2.5ರ ಆಸುಪಾಸು. ಕೆಲವು ಬ್ಯಾಕ್ಟೀರಿಯಾ ಅದರಲ್ಲಿ ಸಾಯುತ್ತವೆ, ಕೆಲವು ಬದುಕುತ್ತವೆ. ಮೀನಿನ ಹೊಟ್ಟೆಯಲ್ಲೂ ಮಾಂಸದಲ್ಲೂ ಸುರುಳಿ ಸುತ್ತಿಕೊಂಡಿರಬಹುದಾದ ಅನಿಸಾಕಿಸ್ ಎಂಬ ಹುಳದ ಮರಿಗೆ ಹತ್ತು ನಿಮಿಷದ ಹುಳಿಯಿಂದ ಏನೂ ಆಗುವುದಿಲ್ಲ. ಕೆಟ್ಟ ಮೀನು ಲಿಂಬೆರಸದಲ್ಲಿ ಮುಳುಗಿದರೂ ಕೆಟ್ಟ ಮೀನೇ.

ನನಗೆ ಸೆವಿಚೆ ಮಾಡಲು ಕಲಿಸಿದವನು ತಂಗಿಯ ಮಗ. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಾನೆ. ಲಿಮಾ ನಗರದ ಬಂದರು ಕಯಾವೊದಲ್ಲಿ ಹಡಗು ನಿಂತಾಗ ತಿಂದು ರುಚಿ ಹಿಡಿಸಿಕೊಂಡವನು, ರಜೆಗೆ ಬಂದಾಗ ನಮ್ಮ ಕಾಣೆ ಮೀನಿನಲ್ಲಿ ಮಾಡಿ ತೋರಿಸಿದ. ಅವತ್ತು ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು: "ದೊಡ್ಡಮ್ಮ, ಅಲ್ಲಿ ಇದ್ ಮಧ್ಯಾಹ್ನದ್ ಊಟ. ರಾತ್ರಿಗೆ ಯಾರೂ ತಿಂಬುದಿಲ್ಲ. ಬೆಳಿಗ್ಗಿ ಬಂದ್ ಮೀನ್ ಮಧ್ಯಾಹ್ನಕ್ಕೇ ಮುಗೀಕ್." ಪೆರುವಿನಲ್ಲಿ ಹಳೆಯ ಕಾಲದ ಸೆವಿಚೆ ಅಂಗಡಿಗಳು ಇವತ್ತಿಗೂ ಸಂಜೆಗೆ ಮೊದಲೇ ಬಾಗಿಲು ಹಾಕುತ್ತವೆ. ಹೊತ್ತಿನ ಲೆಕ್ಕವೇ ಆ ತಿನಿಸಿನ ಜೀವ.

2023ರ ಡಿಸೆಂಬರಿನಲ್ಲಿ ಯುನೆಸ್ಕೊ ಪೆರುವಿನ ಸೆವಿಚೆ ಪದ್ಧತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಅಷ್ಟು ಹೆಮ್ಮೆಪಡುವ ಈ ತಿನಿಸಿನ ಲಿಂಬೆ ಮಾತ್ರ ಅಲ್ಲಿನ ನೆಲದ್ದಲ್ಲ. ಏಷ್ಯಾದಲ್ಲಿ ಹುಟ್ಟಿ, ಅರಬರ ಜೊತೆ ಸ್ಪೇನಿಗೆ ಹೋಗಿ, ಸ್ಪೇನಿನವರ ಹಡಗಿನಲ್ಲಿ ಅಮೆರಿಕ ಖಂಡ ಸೇರಿದ್ದು. ಅಲ್ಲಿಯ ಮೆಣಸಿನಕಾಯಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುವಣ ಕರಾವಳಿಗೆ ಬಂತು. ಗಂಗೊಳ್ಳಿಯ ಹೊಳೆಯಲ್ಲೇ ಸ್ವಲ್ಪ ಒಳಗಿರುವ ಬಸ್ರೂರು ಆಗ ಅವರು ಅಕ್ಕಿಗಾಗಿ ಬರುತ್ತಿದ್ದ ಬಂದರು. ಒಣಮೆಣಸು ಅರೆದು ಹಾಕದ ಮೀನುಸಾರನ್ನು ಇವತ್ತು ನಾವು ಊಹಿಸಲಾರೆವು. ಗೆಣಸೂ ಆ ಖಂಡದಿಂದಲೇ ಬಂದದ್ದು, ಪೆರುವಿನವರು ಸೆವಿಚೆಯ ಬದಿಗೆ ಬೇಯಿಸಿದ ಗೆಣಸನ್ನೇ ಇಡುತ್ತಾರೆ. ಇದು ನಮ್ಮ ಊಟವಲ್ಲ ಎಂದು ಮುಖ ತಿರುಗಿಸುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಫಿಜಿ ದ್ವೀಪದವರಂತೂ ಲಿಂಬೆಯಲ್ಲಿ ನೆನೆಸಿದ ಹಸಿ ಮೀನಿಗೆ ಕಾಯಿಹಾಲು ಬೆರೆಸಿ ಕೊಕೊಂಡ ಎಂಬ ಪದಾರ್ಥ ಮಾಡುತ್ತಾರೆ. ಮೀನು, ತೆಂಗಿನಕಾಯಿ, ಹುಳಿ, ಹಸಿಮೆಣಸು ನಾಲ್ಕೂ ಇರುವ ಆ ಪದಾರ್ಥ ಕುಂದಾಪುರದವರ ನಾಲಿಗೆಗೆ ಪರಕೀಯವಾಗಲು ಸಾಧ್ಯವೇ ಇಲ್ಲ. ಮುರುಗಲು, ಹುಣಸೆ, ಬಿಂಬುಳಿ, ಅಮಟೆಕಾಯಿ ಎಂದು ಮೀನಿಗೊಂದು ಹುಳಿ ಗೊತ್ತುಮಾಡಿಕೊಂಡ ಜನ ನಾವು.

ಹಾಗಾದರೆ ನಮ್ಮ ಹಿರಿಯರು ಹಸಿ ಮೀನು ಏಕೆ ತಿನ್ನಲಿಲ್ಲ? ನನ್ನ ಉತ್ತರ ಸರಳ. ಅವರ ಹತ್ತಿರ ಐಸು ಇರಲಿಲ್ಲ. ನನ್ನ ಬಾಲ್ಯದಲ್ಲಿ ರಂಪಣಿ ಎಳೆಯುತ್ತಿದ್ದರು. ಊರಿಗೆ ಊರೇ ಹಗ್ಗ ಹಿಡಿದು ಎಳೆದ ಬಲೆಯಿಂದ ಬೂತಾಯಿಯೂ ಬಂಗುಡೆಯೂ ಜೀವಂತವಾಗಿ ಹೊಯಿಗೆಯ ಮೇಲೆ ಬೀಳುತ್ತಿದ್ದವು. ಆ ಗಳಿಗೆಯ ಮೀನಿಗಿಂತ ಒಳ್ಳೆಯ ಮೀನಿಲ್ಲ. ಆದರೆ ಬಿಸಿಲೇರುವ ಹೊತ್ತಿಗೆ ಅದು ಕೈಮೀರಿ ಹೋಗುತ್ತಿತ್ತು. ಮಾರಿ ಉಳಿದದ್ದಕ್ಕೆ ಉಪ್ಪು ಹಾಕಬೇಕು, ಒಣಗಿಸಬೇಕು, ಅದೂ ಆಗದಿದ್ದರೆ ತೆಂಗಿನ ಬುಡಕ್ಕೆ ಗೊಬ್ಬರ. ಖಾರ, ಹುಳಿ, ಕುದಿ ಮೂರನ್ನೂ ಸೇರಿಸಿ ಮೀನು ಬೇಯಿಸಿದ ಹಿರಿಯರು ಆ ಹವೆಯಲ್ಲಿ ಮಾಡಬೇಕಾದದ್ದನ್ನೇ ಮಾಡಿದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಮೂಲೆ ಸೇರಿತು. ಬೋಟುಗಳ ಜೊತೆ ಐಸು ಬಂತು. ಬಂದ ಐಸು ಬಹುಪಾಲು ಹೊರಗಿನ ಮಾರುಕಟ್ಟೆಗೆ ಹೋಗುವ ಮೀನಿನ ಪಾಲಾಯಿತು, ಊರಿನವರು ಊರಿನಲ್ಲೇ ಕೊಳ್ಳುವ ಮೀನು ಇವತ್ತಿಗೂ ಬುಟ್ಟಿಯಲ್ಲಿ ಬಿಸಿಲು ಕಾಯುತ್ತದೆ. ನನ್ನ ತಕರಾರು ಇರುವುದು ಇಲ್ಲೇ.

ಪೆರುವಿನ ಕತೆಯಲ್ಲಿ ಒಂದು ಕಹಿ ಅಧ್ಯಾಯವಿದೆ. 1991ರ ಜನವರಿಯಲ್ಲಿ ಅಲ್ಲಿನ ಕರಾವಳಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಆ ಒಂದೇ ವರ್ಷ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿತು. ಹಸಿ ಮೀನಿನ ಮೇಲೆ ಅನುಮಾನ ಬಂದು ವ್ಯಾಪಾರ ಬಿದ್ದಾಗ, ಮೀನುಗಾರರ ಪರವಾಗಿ ಅಧ್ಯಕ್ಷ ಫುಜಿಮೋರಿಯೇ ಜನರೆದುರು ಸೆವಿಚೆ ತಿಂದು ತೋರಿಸಿದರು. ಮೀನುಗಾರರ ಹೊಟ್ಟೆಪಾಡಿನ ಕಾಳಜಿ ನನಗೂ ಅರ್ಥವಾಗುತ್ತದೆ, ಆದರೂ ತಿಂದು ತೋರಿಸುವುದು ಉತ್ತರವಾಗಿರಲಿಲ್ಲ. ಸರಿಯಾಗಿ ಶುದ್ಧವಾಗದ ಕುಡಿಯುವ ನೀರು, ಕಡಲಿಗೆ ಹರಿಯುತ್ತಿದ್ದ ಚರಂಡಿ, ಇವು ರೋಗ ಹಬ್ಬಿದ ದಾರಿಗಳು. ಲಿಂಬೆ ಹೆಚ್ಚು ಹಿಂಡಿ ಸರಿಮಾಡುವ ಸಂಗತಿಗಳಲ್ಲ ಅವು.

ಗಂಗೊಳ್ಳಿಯ ನೀರೂ ಅದೇ ಕಣ್ಣಿನಿಂದ ನೋಡಬೇಕಾದದ್ದು. ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತವೆ. ದಡದ ಊರುಗಳ ಕೊಳೆಯೂ ಅವುಗಳ ಜೊತೆಗೇ ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹೊಳೆಬಾಯಿಯ ಚಿಪ್ಪು ಮೀನುಗಳು ಆ ನೀರನ್ನೇ ಸೋಸಿ ಬದುಕುವಂಥವು. ಅವನ್ನು ಹಸಿಯಾಗಿ ಬಾಯಿಗೆ ಇಡಲೇಬಾರದು. ಸುಕ್ಕ ಮಾಡಿ ತಿನ್ನಿ, ಅದರಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ.

ಬಂಗುಡೆ, ಬೂತಾಯಿ, ಟ್ಯೂನಾಗಳನ್ನೂ ಸೆವಿಚೆಗೆ ನಾನು ಮುಟ್ಟುವುದಿಲ್ಲ. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಮೀನು ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಮೀನು ತಿಂದು ಮುಖ ಕೆಂಪಾಗಿ, ಮೈಯೆಲ್ಲ ತುರಿಸಿ, ಎದೆ ಹೊಡೆದುಕೊಂಡಾಗ ನಾವು ನಂಜಾಯಿತು ಎನ್ನುತ್ತೇವಲ್ಲ, ಎಷ್ಟೋ ಸಲ ಅದರ ಹಿಂದೆ ಇರುವುದು ಈ ಹಿಸ್ಟಮಿನ್. ಒಮ್ಮೆ ಹುಟ್ಟಿಕೊಂಡರೆ ಹುಳಿಗೂ ಹೋಗದು, ಫ್ರೀಜರಿಗೂ ಹೋಗದು, ಕುದಿಸಿದರೂ ಹೋಗದು. ಹುಟ್ಟದಂತೆ ತಡೆಯಲು ಇರುವ ದಾರಿ ಒಂದೇ, ನೀರಿನಿಂದ ಮೇಲೆ ಬಂದ ಕೂಡಲೇ ಐಸು.

ಬಿಳಿ ತಿರುಳಿನ, ಎಣ್ಣೆಯಂಶ ಕಡಿಮೆ ಇರುವ ಮೀನು ಸೆವಿಚೆಗೆ ಸರಿ. ಕಾಣೆ ನನಗೆ ಎಲ್ಲಕ್ಕಿಂತ ಇಷ್ಟ. ಮುರು ಮೀನೂ ಚೆನ್ನಾಗಿ ಆಗುತ್ತದೆ. ನಾಡದೋಣಿಯವರು ನಸುಕಿನಲ್ಲಿ ಹೋಗಿ ಕಂತಬಲೆಯಲ್ಲಿ ಹಿಡಿದು ಹೊತ್ತೇರುವ ಮೊದಲು ತಂದ ಮೀನನ್ನೇ ಹುಡುಕುತ್ತೇನೆ. ಎಂಟು ಹತ್ತು ದಿನ ಕಡಲಲ್ಲಿದ್ದು ಬರುವ ಬೋಟಿನಲ್ಲಿ ಮೊದಲ ದಿನದ ಮೀನೂ ಇರುತ್ತದೆ, ಕೊನೆಯ ದಿನದ್ದೂ ಇರುತ್ತದೆ. ಸಾರಿಗೆ ಎರಡೂ ನಡೆದೀತು, ಇದಕ್ಕೆ ನಡೆಯದು. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೆ ಬರಬೇಕು. ನಾನು ಹೀಗೆ ಒಂದೊಂದನ್ನೇ ಎತ್ತಿ ನೋಡುವಾಗ ಮೀನು ಮಾರುವ ಹೆಂಗಸು ಕೇಳಿದ್ದುಂಟು: "ಅಕ್ಕಾ, ಹಸಿ ಮೀನ್ ತಿಂಬುದಾ? ಹೊಟ್ಟಿಗ್ ಎಂತಾರೂ ಆರೆ ನನ್ನ್ ಬೈಬೇಡಿ." ಅವಳ ಎಚ್ಚರಿಕೆ ನ್ಯಾಯವಾದದ್ದು.

ಇಷ್ಟೆಲ್ಲ ನೋಡಿ ತಂದ ಮೀನನ್ನೂ ನಾನು ಅವತ್ತೇ ತಿನ್ನುವುದಿಲ್ಲ. ಇದನ್ನು ಕೇಳಿದರೆ ಊರಿನವರು ಬೇಸರಪಡುತ್ತಾರೆ, ಫ್ರೀಜರಿಗೆ ಹಾಕಿದರೆ ತಾಜಾ ಎಲ್ಲಿ ಉಳಿಯಿತು ಎನ್ನುತ್ತಾರೆ. ಹುಳದ ಮರಿಗಳನ್ನು ಕೊಲ್ಲಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ನಿಯಮ. ಮನೆಯ ಫ್ರಿಜ್ಜಿನ ಮೇಲಂಕಣ ಸಾಮಾನ್ಯವಾಗಿ ಮೈನಸ್ 18ರ ಹತ್ತಿರ ನಿಲ್ಲುತ್ತದೆ, ಕರೆಂಟು ಹೋಗಿ ಬಂದು ಮಾಡಿದರೆ ಅಷ್ಟೂ ಇಲ್ಲ. ಆದ್ದರಿಂದ ಒಂದು ಸಣ್ಣ ಥರ್ಮಾಮೀಟರನ್ನು ಒಳಗಿಟ್ಟು ನೋಡಿ. ಮೈನಸ್ 20 ಮುಟ್ಟದ ಫ್ರೀಜರಿನ ಮೀನನ್ನು ಗಸಿಗೆ ಹಾಕಿ. ಮುಟ್ಟುತ್ತದೆ ಎಂದಾದರೆ, ಚರ್ಮ ಮತ್ತು ಮುಳ್ಳು ಬಿಡಿಸಿದ ತಿರುಳನ್ನು ತೆಳ್ಳಗೆ ಹರಡಿ, ಗಾಳಿಯಾಡದಂತೆ ಸುತ್ತಿ, ಒಂದು ವಾರದ ಮೇಲೆ ಎರಡು ದಿನ ಹೆಚ್ಚೇ ಇಡಿ. ಹಿಡಿದ ಕೆಲವೇ ಗಂಟೆಯಲ್ಲಿ ಗಟ್ಟಿಯಾದ ಮೀನು, ಅರೆಬರೆ ಐಸಿನಲ್ಲಿ ಮೂರು ದಿನ ಕಳೆದ ಮೀನಿಗಿಂತ ಎಷ್ಟೋ ಮೇಲು. ತಾಜಾತನ ಹಿಡಿದ ಹೊತ್ತಿನಿಂದ ಶುರುವಾಗುತ್ತದೆ, ನಾವು ಪೇಟೆಯಿಂದ ತಂದ ಹೊತ್ತಿನಿಂದ ಅಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ಮೀನು ಕರಗಬೇಕಾದದ್ದು ಫ್ರಿಜ್ಜಿನ ಒಳಗೆ, ಅಡುಗೆಕಟ್ಟೆಯ ಮೇಲಲ್ಲ. ಕೊಯ್ಯುವ ಹಲಗೆ, ಚೂರಿ, ಕೈ ಎಲ್ಲ ಸೋಪಿನಲ್ಲಿ ತೊಳೆದಿರಬೇಕು. ಬೇರೆ ಮೀನು ಹೆಚ್ಚಿದ ಮೆಟ್ಟುಕತ್ತಿಯನ್ನು ಹಾಗೆಯೇ ಇದಕ್ಕೆ ತರಬಾರದು. ಕಾಲು ಕಿಲೋ ತಿರುಳನ್ನು ಬೆರಳಗಲದ ತುಂಡು ಮಾಡಿ ಗಾಜಿನ ಅಥವಾ ಪಿಂಗಾಣಿ ಪಾತ್ರೆಗೆ ಹಾಕಿ, ಮುಕ್ಕಾಲು ಚಮಚ ಉಪ್ಪು ಸವರಿ ಎರಡು ನಿಮಿಷ ಬಿಡಬೇಕು. ಆಮೇಲೆ ಐದಾರು ಲಿಂಬೆಯ ರಸ. ಕೊನೆಯ ಹನಿವರೆಗೂ ಹಿಂಡಿದರೆ ಸಿಪ್ಪೆಯ ಕಹಿ ಇಳಿಯುತ್ತದೆ, ಅರ್ಧಕ್ಕೇ ಕೈ ಬಿಡಬೇಕು. ಪೆರುವಿನವರು ಈ ಹಂತದಲ್ಲಿ ಒಂದೆರಡು ಐಸು ತುಂಡು ಹಾಕಿ ಕಲಸಿ ತೆಗೆಯುತ್ತಾರೆ, ನಾನೂ ಹಾಕುತ್ತೇನೆ. ಎಳೆಎಳೆಯಾಗಿ ಹೆಚ್ಚಿ ತಣ್ಣೀರಿನಲ್ಲಿ ತೊಳೆದ ನೀರುಳ್ಳಿ, ಸೀಳಿದ ಸೂಜಿಮೆಣಸು, ಚೂರು ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ಹತ್ತು ನಿಮಿಷ. ಹಿಂದೆ ಅಲ್ಲಿ ಗಂಟೆಗಟ್ಟಲೆ ನೆನೆಸುತ್ತಿದ್ದರಂತೆ. ಪೆರುವಿನಲ್ಲಿ ನೆಲೆಸಿದ ಜಪಾನಿ ಮೂಲದ ಅಡುಗೆಯವರ ಕೈಗೆ ಬಂದ ಮೇಲೆ ಅದು ನಿಮಿಷಗಳಿಗೆ ಇಳಿಯಿತು. ಕೊನೆಗೆ ನಾನು ಎರಡು ಸೌಟು ಗಟ್ಟಿ ಕಾಯಿಹಾಲು ಹಾಕುತ್ತೇನೆ. ಅದು ಫಿಜಿಯವರಿಂದ ಕಲಿತದ್ದು, ಆದರೆ ಹಾಲು ಹಿಂಡುವುದನ್ನು ನನಗೆ ಫಿಜಿಯವರು ಕಲಿಸಬೇಕಾಗಲಿಲ್ಲ. ಬದಿಗೆ ಬೇಯಿಸಿದ ಗೆಣಸು, ಜೊತೆಗೆ ಹಲಸಿನ ಹಪ್ಪಳ. ಬಸಿದು ಉಳಿದ ಹುಳಿರಸವನ್ನು ಸಣ್ಣ ಲೋಟದಲ್ಲಿ ಕುಡಿಯುವುದು ಪೆರುವಿನವರ ಅಭ್ಯಾಸ. ನಾಳೆಗೆಂದು ಎತ್ತಿಡುವ ಮಾತೇ ಇಲ್ಲ.

ಬಸುರಿಯರು, ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಲಿವರಿನ ತೊಂದರೆ ಇರುವವರು ಹಸಿ ಮೀನಿನ ತಂಟೆಗೆ ಹೋಗಬಾರದು. ಅವರಿಗಾಗಿ ಈಕ್ವೆಡಾರಿನವರ ದಾರಿ ಇದೆ. ಅವರು ಸಿಗಡಿಯನ್ನು ಮೊದಲು ಬೇಯಿಸಿಯೇ ಲಿಂಬೆರಸಕ್ಕೆ ಹಾಕುತ್ತಾರೆ. ನಮ್ಮನೆಯಲ್ಲಿ ಹಿರಿಯರು ಊಟಕ್ಕಿದ್ದರೆ ನಾನು ಮಾಡುವುದು ಅದನ್ನೇ, ಅವರ ತಟ್ಟೆಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಇಷ್ಟು ಕಟ್ಟುನಿಟ್ಟು ಒಂದು ತಿನಿಸಿಗೆ ಬೇಕೇ ಎಂದು ಕೇಳುತ್ತಾರೆ. ಈ ಕಟ್ಟುನಿಟ್ಟು ಸೆವಿಚೆಗೆ ಮಾತ್ರ ಬೇಕಾದದ್ದಲ್ಲ, ದಿನಾ ಮೀನುಸಾರು ಉಣ್ಣುವ ನಮಗೆಲ್ಲ ಸಲ್ಲಬೇಕಾದದ್ದು. ಖಾರದ ಮಸಾಲೆ ಎಷ್ಟೋ ಮೀನಿನ ವಯಸ್ಸನ್ನು ಮುಚ್ಚಿಬಿಡುತ್ತದೆ, ಹಿಸ್ಟಮಿನ್ ಮಾತ್ರ ಮಸಾಲೆಯ ಕೆಳಗೂ ಹಾಗೆಯೇ ಇರುತ್ತದೆ. 2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಹಾಕಿದ ಮೀನು ಸಿಕ್ಕಿಬಿದ್ದಾಗ ಎಲ್ಲ ಕಡೆ ಗಾಬರಿಯಾಯಿತು. ಐಸಿಗೆ ಖರ್ಚು ಮಾಡಲು ಮನಸ್ಸಿಲ್ಲದ ಕಡೆಗೇ ಅಂಥ ವಿಷ ನುಗ್ಗುವುದು. ಬಿಸಿ ಹವೆಯ ನಾಡಿನಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕು ಎಂಬುದು ಮೀನುಗಾರಿಕೆ ಕಲಿಸುವವರು ಹೇಳುವ ಲೆಕ್ಕ. ಸಣ್ಣ ದೋಣಿಯಲ್ಲಿ ಅಷ್ಟು ಐಸು ಹೊತ್ತೊಯ್ಯಲು ಜಾಗವೂ ಕಡಿಮೆ, ಹಣವೂ ಕಡಿಮೆ. ಗಂಗೊಳ್ಳಿಯಿಂದ ಹೊಳೆಯಾಚೆಯ ಕುಂದಾಪುರ ಕಣ್ಣೆದುರಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಮೀನು ಸಾಗಿಸಬೇಕಾದರೆ ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು ಸುತ್ತಬೇಕು. ಆ ಸುತ್ತಿನ ಬಿಸಿಲನ್ನೂ ಮೀನೇ ತಿನ್ನುತ್ತದೆ.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಮೀನು ಮಾರುವ ಹೆಂಗಸರು ಕೂರುವಲ್ಲಿ ನೆರಳು, ಕುಡಿಯಲು ಯೋಗ್ಯವಾದ ನಳ್ಳಿನೀರು, ಒಬ್ಬೊಬ್ಬರಿಗೂ ಮುಚ್ಚಳವಿರುವ ಒಂದು ಐಸುಪೆಟ್ಟಿಗೆ, ನಾಡದೋಣಿಯವರಿಗೆ ಕೈಗೆಟಕುವ ಬೆಲೆಯಲ್ಲಿ ಐಸು. ಪ್ರತಿ ರಾಶಿಯ ಮುಂದೆ ಒಂದು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಬಲೆ ಎಳೆದ ದಿನ ಮತ್ತು ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಊರಿಗೆ ಹೊಸ ಮೀನು ತರುವವರು ನಾಡದೋಣಿಯವರೇ. ಈ ಪದ್ಧತಿ ಶುರುಮಾಡಲು ಅದಕ್ಕಿಂತ ಅನುಕೂಲದ ಕಾಲ ಬೇರೆ ಇಲ್ಲ. ಇನ್ನು ಕೊಳ್ಳುವ ನಾವು. ದೋಣಿಯಲ್ಲೇ ಐಸಿಗೆ ಹಾಕಿ ತಂದ ಕಾಣೆಗೆ ಕಿಲೋಗೆ ಎಷ್ಟು ಹೆಚ್ಚು ಕೇಳಿದರೂ ನಾನು ಚರ್ಚೆ ಮಾಡದೆ ಕೊಡುತ್ತೇನೆ. ಹಾಗೆ ಕೊಡುವ ಗಿರಾಕಿಗಳು ಹತ್ತು ಜನ ಸಿಕ್ಕರೆ, ಐಸು ಹೊತ್ತು ಹೋಗುವುದು ದೋಣಿಯವರಿಗೆ ನಷ್ಟದ ಬಾಬತ್ತಾಗಿ ಉಳಿಯುವುದಿಲ್ಲ.