ಹ್ಯಾಮ್‌ಸ್ಟರ್ ಸುಮ್ಮನಿದ್ದ ಮಾತ್ರಕ್ಕೆ ಸುಖವಾಗಿದೆಯೇ?

ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ನಾಯಿ ಸಾಕಲು ನೂರೆಂಟು ತಕರಾರು. ಬೊಗಳಿದರೆ ಪಕ್ಕದ ಮನೆಯವರ ದೂರು, ಲಿಫ್ಟಿನಲ್ಲಿ ಕರೆದೊಯ್ದರೆ ನಿವಾಸಿಗಳ ಸಂಘದ ನೋಟಿಸು. ಮಕ್ಕಳ ಹಟಕ್ಕೆ ಮಣಿದ ಅಪ್ಪ ಅಮ್ಮಂದಿರ ಕಣ್ಣು ಆಗ ಹ್ಯಾಮ್‌ಸ್ಟರ್ ಮೇಲೆ ಬೀಳುತ್ತದೆ. ಅಂಗೈಯಲ್ಲಿ ಹಿಡಿಸುವ ಜೀವ, ಗದ್ದಲವಿಲ್ಲ, ಓದುವ ಮೇಜಿನ ಮೂಲೆಯಲ್ಲೇ ಪಂಜರ ಇಟ್ಟರೆ ಆಯಿತು. ‘ಯಾವ ಕಿರಿಕಿರಿಯೂ ಇಲ್ಲ’ ಎಂದು ಅಂಗಡಿಯವರು ಹೇಳುವುದೂ ಇದನ್ನೇ. ಕಿರಿಕಿರಿ ಇಲ್ಲದಿರುವುದು ನಮಗೆ. ಅದಕ್ಕೂ ಇಲ್ಲ ಎಂದು ನಾವೇ ತೀರ್ಮಾನಿಸಿಕೊಂಡಿದ್ದೇವೆ. ಮೌನವೇ ಸಮ್ಮತಿ ಎಂಬ ಲೆಕ್ಕಾಚಾರ ಈ ಪ್ರಾಣಿಯ ವಿಷಯದಲ್ಲಿ ಪೂರ್ತಿ ತಪ್ಪು. ಹ್ಯಾಮ್‌ಸ್ಟರ್ ದಿನವಿಡೀ ಏನನ್ನೋ ಹೇಳುತ್ತಲೇ ಇರುತ್ತದೆ. ಅದು ಹೇಳುವುದರಲ್ಲಿ ಬಹುಪಾಲು, ನಾವು ಅದಕ್ಕೆ ಕೊಟ್ಟಿರುವ ಮನೆಯ ಕುರಿತ ಅಭಿಪ್ರಾಯ.

ಮೊದಲಿಗೆ, ಅದರ ದನಿ ನಮಗೆ ಅಷ್ಟಾಗಿ ಕೇಳಿಸದಿರುವುದು ಏಕೆಂದು ನೋಡೋಣ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಜ್ ತನಕದ ಸದ್ದು ಕೇಳುತ್ತದೆ. ಹ್ಯಾಮ್‌ಸ್ಟರ್‌ಗಳು ಜೊತೆಗೂಡುವ ಹೊತ್ತಿನಲ್ಲಿ ಕರೆಯುವುದು ಅದಕ್ಕೂ ಮೇಲಿನ ಶ್ರವಣಾತೀತ ದನಿಯಲ್ಲಿ. ನಮ್ಮ ಕಿವಿಗೆ ಬೀಳುವ ಕೆಲವೇ ಸದ್ದುಗಳು ಹೆಚ್ಚಾಗಿ ಸಂಕಟದವು: ಹಲ್ಲು ಕಟಕಟಿಸಿದರೆ ‘ಹತ್ತಿರ ಬರಬೇಡ’ ಎಂಬ ಎಚ್ಚರಿಕೆ, ಬುಸುಗುಟ್ಟಿದರೆ ಭಯ ಬೆರೆತ ಸಿಟ್ಟು, ಕಿರುಚಿದರೆ ಪ್ರಾಣಭಯ. ಉಳಿದದ್ದನ್ನೆಲ್ಲ ಹೇಳುವುದು ಮೈ. ಗೂಡಿನಲ್ಲಿ ನಿಧಾನವಾಗಿ ತಲೆಯಿಂದ ಬೆನ್ನಿನವರೆಗೂ ಮೈ ಒರೆಸಿಕೊಳ್ಳುವ ಹ್ಯಾಮ್‌ಸ್ಟರ್ ನಿರಾಳವಾಗಿರುತ್ತದೆ. ಹೊಸ ಜಾಗಕ್ಕೆ ಬಿಟ್ಟ ತಕ್ಷಣ ಮುಖವನ್ನಷ್ಟೇ ಗಡಿಬಿಡಿಯಲ್ಲಿ ಉಜ್ಜಿಕೊಳ್ಳುವಾಗ ಅದು ತಳಮಳದಲ್ಲಿರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಮೈಚೆಲ್ಲಿ ಮಲಗಿದರೆ ನೆಮ್ಮದಿಯ ನಿದ್ದೆ ಎನ್ನಬಹುದು. ಪಾದರಸ 40 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ಅದೇ ಭಂಗಿ ಬಿಸಿಲಾಘಾತದ ಮುನ್ಸೂಚನೆಯೂ ಆಗಬಹುದು. ಆದ್ದರಿಂದ ‘ಈ ಸನ್ನೆಗೆ ಈ ಅರ್ಥ’ ಎಂಬ ಪಟ್ಟಿಗಳನ್ನು ಉರುಹೊಡೆದರೆ ಪ್ರಯೋಜನವಿಲ್ಲ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂಬುದನ್ನು ಗಮನಿಸಿದಾಗಲೇ ಅರ್ಥ ತೆರೆದುಕೊಳ್ಳುವುದು.

ಹಾಗೆ ಗಮನಿಸದವರು ಅತಿ ಹೆಚ್ಚು ತಪ್ಪಾಗಿ ಓದುವುದು ಪಂಜರದ ಸರಳು ಕಚ್ಚುವುದನ್ನು. ರಾತ್ರಿಯಿಡೀ ಒಂದೇ ಜಾಗದಲ್ಲಿ, ಒಂದೇ ಲಯದಲ್ಲಿ ಕಂಬಿ ಕಡಿಯುತ್ತಿದ್ದರೆ ‘ಹಲ್ಲು ಸವೆಸಿಕೊಳ್ಳುತ್ತಿದೆ’ ಎನ್ನುವವರಿದ್ದಾರೆ, ‘ನಮ್ಮನ್ನು ಕರೆಯುತ್ತಿದೆ’ ಎಂದು ಮುದಗೊಳ್ಳುವವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿರಿಯನ್ ಹ್ಯಾಮ್‌ಸ್ಟರ್‌ಗಳಿಗೆ 10, 40 ಮತ್ತು 80 ಸೆಂಟಿಮೀಟರ್ ಆಳದ ಹಾಸು ಕೊಡಲಾಗಿತ್ತು. 10 ಸೆಂಟಿಮೀಟರ್ ಹಾಸಿನವು ಉಳಿದವಕ್ಕಿಂತ ಬಹಳ ಹೆಚ್ಚು ಕಂಬಿ ಕಚ್ಚಿದವು. 80 ಸೆಂಟಿಮೀಟರ್ ಹಾಸಿನಲ್ಲಿ ಬಿಲ ತೋಡಿಕೊಂಡವು ಕಂಬಿಯ ತಂಟೆಗೇ ಹೋಗಲಿಲ್ಲ. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ಅಳತೆಯ ಪಂಜರಗಳನ್ನು ಹೋಲಿಸಿದಾಗ, ಕಂಬಿ ಕಚ್ಚುವಿಕೆ ಎಲ್ಲದರಲ್ಲೂ ಕಂಡಿತಾದರೂ ಕಿರಿದಾದವುಗಳಲ್ಲಿ ಹೆಚ್ಚು ಹೊತ್ತು ನಡೆಯಿತು. ಹಲ್ಲು ಸವೆಸುವುದಷ್ಟೇ ಉದ್ದೇಶವಾಗಿದ್ದರೆ ಹಾಸಿನ ಆಳ ಬದಲಾದಂತೆ ಚಾಳಿ ಬದಲಾಗಬೇಕಿರಲಿಲ್ಲ. ಹಾಗಿರುವಾಗ ಕಂಬಿಗೆ ಕಹಿ ಸವರುವುದು, ಗದರಿಸುವುದು, ಪಂಜರವನ್ನು ಬೇರೆ ಕೋಣೆಗೆ ಸಾಗಿಸುವುದು ದೂರು ಕೊಟ್ಟವನ ಬಾಯಿಗೆ ಬಟ್ಟೆ ತುರುಕಿದಂತೆ.

ಇದೆಲ್ಲ ಮನುಷ್ಯರ ಭಾವನೆಯನ್ನು ಇಲಿಯ ಜಾತಿಯ ಪ್ರಾಣಿಗೆ ಅಂಟಿಸುವ ಭಾವುಕತೆ ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಹ್ಯಾಮ್‌ಸ್ಟರ್ ‘ನಗುತ್ತಿದೆ’, ‘ಮುನಿಸಿಕೊಂಡಿದೆ’ ಎಂಬ ವಿಡಿಯೊಗಳ ಅಡಿಬರಹಗಳು ಬಹುತೇಕ ನಮ್ಮ ಕಲ್ಪನೆ. ಹೆದರಿ ಕಲ್ಲಾಗಿ ಕೂತ ಪ್ರಾಣಿಯನ್ನು ‘ಫೋಟೊಗೆ ಪೋಸು ಕೊಡುತ್ತಿದೆ’ ಎನ್ನುವುದು ಈ ಭಾವುಕತೆಯ ಫಲವೇ. ಆದರೆ ಅದಕ್ಕೆ ಪರಿಹಾರ ಇನ್ನೂ ಕಟ್ಟುನಿಟ್ಟಾಗಿ ನೋಡುವುದು. ನೋಡುವುದನ್ನೇ ಬಿಡುವುದು ಪರಿಹಾರವಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮಾದರಿ. ಒಂದು ಸೂಚನೆ ಸಿಕ್ಕರೆ ಸಿಹಿ, ಇನ್ನೊಂದು ಸಿಕ್ಕರೆ ಕಹಿ ಎಂದು ಹ್ಯಾಮ್‌ಸ್ಟರ್‌ಗಳಿಗೆ ಕಲಿಸಿ, ಆಮೇಲೆ ಇವೆರಡರ ನಡುವಿನ ಅಸ್ಪಷ್ಟ ಸೂಚನೆ ಕೊಟ್ಟರು. ಹೆಚ್ಚಿನ ಸವಲತ್ತಿನ ಪಂಜರದಲ್ಲಿದ್ದಾಗ ಅವು ಒಂದು ಬದಿಗೆ ತುಸು ವಾಲಿದ ಸೂಚನೆಯನ್ನು ಹೆಚ್ಚು ಭರವಸೆಯಿಂದ ಸ್ವೀಕರಿಸಿದವು. ತೀರಾ ನಡುವಿನದಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಸೀಮಿತ. ಆದರೂ ಇರುವ ಜಾಗ ಅವುಗಳ ಮನಃಸ್ಥಿತಿಯನ್ನು ಬದಲಿಸುತ್ತದೆ ಎನ್ನಲು ಅಷ್ಟು ಸಾಕು.

‘ಪಂಜರದಲ್ಲೇ ಹುಟ್ಟಿ ಬೆಳೆದದ್ದಕ್ಕೆ ಬಯಲಿನ ಹಂಬಲ ಎಲ್ಲಿಂದ?’ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಇಂದಿನ ಸಾಕು ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲಿನ ಮೂಲ, 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ಬಿಲ ಅಗೆಸಿ ಹಿಡಿದು ಜೆರುಸಲೇಮಿಗೆ ಒಯ್ದ ಒಂದೇ ಕುಟುಂಬದ ಮರಿಗಳು. ಅಲ್ಲಿಂದೀಚೆಗೆ ನೂರಾರು ತಲೆಮಾರು ಉರುಳಿವೆ, ಕೆಲವು ಅಭ್ಯಾಸಗಳು ನಿಜಕ್ಕೂ ಬದಲಾಗಿವೆ. ಪಂಜರದಲ್ಲಿ ನಿಶಾಚರಿಯಾಗಿರುವ ಈ ಪ್ರಾಣಿ ದಕ್ಷಿಣ ಟರ್ಕಿಯ ಹೊಲಗಳಲ್ಲಿ ಹಗಲಲ್ಲೇ ಓಡಾಡುತ್ತದೆ ಎಂದು 2008ರ ಕ್ಷೇತ್ರ ಅಧ್ಯಯನವೊಂದು ತೋರಿಸಿತು. ಆದರೆ ಅದೇ ಪ್ರದೇಶದ ಬಿಲಗಳನ್ನು ಅಳೆದಾಗ ಸರಾಸರಿ ಆಳ 65 ಸೆಂಟಿಮೀಟರ್, ಪ್ರತಿ ಬಿಲಕ್ಕೆ ಒಂದೇ ವಯಸ್ಕ ಪ್ರಾಣಿ. ತೋಡುವ ಹಸಿವು, ಒಂಟಿತನದ ಹಟ ಇವೆರಡೂ ಪಂಜರದ ತಲೆಮಾರುಗಳಲ್ಲಿ ಅಳಿದಿಲ್ಲ. ಅಳಿದಿದ್ದರೆ ಬರ್ನ್‌ನ ಹ್ಯಾಮ್‌ಸ್ಟರ್‌ಗಳು ಆಳದ ಹಾಸಿಗೆ ಹಾಗೆ ಸ್ಪಂದಿಸುತ್ತಿರಲಿಲ್ಲ. ‘ಜೋಡಿ ಒಯ್ಯಿರಿ, ಬೇಜಾರಾಗುವುದಿಲ್ಲ’ ಎಂಬ ಮಾತು ನಂಬಿ ತಂದ ಎರಡು ಸಿರಿಯನ್‌ಗಳು ಪ್ರಾಯಕ್ಕೆ ಬಂದ ಮೇಲೆ ಒಂದನ್ನೊಂದು ಕಚ್ಚಿ ಕೊಲ್ಲುವ ಹಂತಕ್ಕೂ ಹೋಗುತ್ತಿರಲಿಲ್ಲ.

ಎರಡು ಮೂರು ವರ್ಷ ಬದುಕುವ ಜೀವಕ್ಕೆ ಇಷ್ಟೆಲ್ಲ ಬೇಕೇ ಎನ್ನುವವರಿಗೆ ಕಾನೂನೇ ಉತ್ತರ ಕೊಡುತ್ತದೆ. ಸರಾಗವಾಗಿ ಚಲಿಸಲು ಸಾಲದಷ್ಟು ಕಿರಿದಾದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಕ್ರೌರ್ಯ. ಆನೆಗೊಂದು, ಹ್ಯಾಮ್‌ಸ್ಟರ್‌ಗೊಂದು ಎಂಬ ಭೇದ ಅಲ್ಲಿಲ್ಲ. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಮಕ್ಕಳಲ್ಲಿ ದಯೆ ಬೆಳೆಯಲಿ ಎಂದು ಹ್ಯಾಮ್‌ಸ್ಟರ್ ತರುವ ಪಾಲಕರು, ಮುದ್ದಾಡುವುದಕ್ಕೆ ಮೊದಲು ಗಮನಿಸುವುದನ್ನು ಕಲಿಸಲಿ: ಮಲಗಿದ್ದನ್ನು ಎಬ್ಬಿಸದೆ, ಮೇಲಿನಿಂದ ಕೈ ಹಾಕದೆ, ಹಲ್ಲು ಕಟಕಟಿಸಿದಾಗ ಹಿಂದೆ ಸರಿಯುವುದನ್ನು. ಒಂಟಿ ವಾಸ, ತೋಡಲು ಆಳದ ಹಾಸು, ಓಡಲು ಬೆನ್ನು ಬಾಗದಷ್ಟು ದೊಡ್ಡ ಚಕ್ರ, ಬೇಸಿಗೆಯಲ್ಲಿ ತಂಪು ಜಾಗ, ಇವಿಷ್ಟನ್ನು ಒದಗಿಸಲು ಜಾಗವೋ ಹಣವೋ ಇಲ್ಲದಿದ್ದರೆ ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ತಂದಾಗಿದ್ದರೆ ಇವತ್ತು ರಾತ್ರಿ ದೀಪ ಆರಿಸಿದ ಮೇಲೆ ಅರ್ಧ ಗಂಟೆ ಪಂಜರದ ಕಡೆ ಕಿವಿಗೊಡಿ. ಕಂಬಿ ಕಡಿಯುವ ಸದ್ದು ನಿಲ್ಲದಿದ್ದರೆ, ಬದಲಾಗಬೇಕಿರುವುದು ಪಂಜರ.