ಮುಳುಗಡೆಯವರು ಕೇಳುವ ಪಹಣಿ

ದೊಡ್ಡ ಅಣೆಕಟ್ಟು ಎಂದೊಡನೆ ಹಳ್ಳಿಯವರು ಅಡ್ಡಗಾಲು ಹಾಕುತ್ತಾರೆ ಎಂಬ ಮಾತಿದೆ. ಶರಾವತಿ ಕಣಿವೆಯ ಅನುಭವ ಅಷ್ಟು ಸರಳವಲ್ಲ. 1964ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಸಾಗರ, ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ ಬಿಟ್ಟು ಎದ್ದುಹೋಗಿದ್ದವು.

ಯಾರು ಏಳಬೇಕು ಎಂಬುದನ್ನು ನಿರ್ಧರಿಸುವುದು ಜಲಾಶಯದ ಗರಿಷ್ಠ ಮಟ್ಟ, ಅಂದರೆ ನೀರು ಏರಿ ನಿಲ್ಲುವ ಕೊನೆಯ ಗೆರೆ. ಲಿಂಗನಮಕ್ಕಿಯಲ್ಲಿ ಅದು ಸಮುದ್ರಮಟ್ಟದಿಂದ 1819 ಅಡಿ. ಗೆರೆಯ ಕೆಳಗಿದ್ದವರು ಸಂತ್ರಸ್ತರು. ಮೇಲಿದ್ದವರ ಮನೆ ಉಳಿಯಿತು, ಪೇಟೆಯ ದಾರಿ ಮುಳುಗಿತು. ಹೀಗೆ ದಾರಿ ಕಳೆದುಕೊಂಡ ತುಮರಿ ಕಡೆಯವರು ಹಿನ್ನೀರು ದಾಟಲು ಲಾಂಚ್ ಕಾಯಬೇಕಾಯಿತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಕಾಣಿಸಿಕೊಂಡರೆ ಕಾಡಿನ ಸುತ್ತುದಾರಿಯೇ ಗತಿ. ಹಿನ್ನೀರಿಗೆ ಕಟ್ಟಿದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ!

ಎದ್ದುಹೋದವರ ಕಥೆ ಇನ್ನೂ ಜಟಿಲ. ಅವರಿಗೆ ಸರ್ಕಾರ ತೋರಿಸಿದ್ದು ಅರಣ್ಯಭೂಮಿ. ಜನ ಅಲ್ಲಿ ಮನೆ ಕಟ್ಟಿ ಅಡಿಕೆ ಹಾಕಿದರು. ದಾಖಲೆಯಲ್ಲಿ ಮಾತ್ರ ಬಹುಪಾಲು ಜಾಗ ಕಾಡಾಗಿಯೇ ಉಳಿಯಿತು. ಕಾಡನ್ನು ಅರಣ್ಯದ ಪಟ್ಟಿಯಿಂದ ಬಿಡಿಸುವುದಕ್ಕೆ ಡಿನೋಟಿಫಿಕೇಶನ್ ಎನ್ನುತ್ತಾರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ್ದ ಆದೇಶಗಳನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ಪಹಣಿಯಲ್ಲಿ ಹೆಸರಿಲ್ಲದ ರೈತನಿಗೆ ಬೆಳೆಸಾಲ ಸಿಗುವುದು ಕಷ್ಟ, ಅಣ್ಣತಮ್ಮಂದಿರ ಪಾಲು ದಾಖಲಾಗುವುದೂ ಕಷ್ಟ. ನಾಡಿಗೆ ಕರೆಂಟ್ ಕೊಟ್ಟವರ ಮೊಮ್ಮಕ್ಕಳು ಕಾಗದದಲ್ಲಿ ಒತ್ತುವರಿದಾರರು.

ಇಷ್ಟು ತಿಳಿದರೆ ಈಚಿನ ಪ್ರತಿಭಟನೆಗಳು ಅರ್ಥವಾಗುತ್ತವೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಈಗ ಶರಾವತಿಯಲ್ಲೇ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿದೆ. ಬೇಡಿಕೆ ಕಡಿಮೆಯಿರುವಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಹೆಚ್ಚಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಅದರ ಲೆಕ್ಕ. ಎರಡೂ ಜಲಾಶಯಗಳು ಈಗಾಗಲೇ ಇವೆ, ಲಿಂಗನಮಕ್ಕಿಯಂಥ ಮುಳುಗಡೆ ಇಲ್ಲಿಲ್ಲ. ಆದರೂ ವಿರೋಧ ಜೋರಾಗಿದೆ. ಮಳೆಕಾಡಿನ ಚಿಂತೆ ಅದಕ್ಕೊಂದು ದೊಡ್ಡ ಕಾರಣ. ಹಳೆಯ ಸಂತ್ರಸ್ತರಿಗೆ ಕೊಟ್ಟ ಭೂಮಿಯ ಮಾತು ಈಡೇರದ್ದು ಇನ್ನೊಂದು.

ಹೊಸ ಯೋಜನೆ ಬೇಕೇ ಬೇಡವೇ ಎಂಬುದು ಚರ್ಚೆಯಾಗಲಿ. ಅದಕ್ಕೆ ದೆಹಲಿಯಲ್ಲಿ ಅರಣ್ಯ ಅನುಮತಿ ಪಡೆಯುವ ಮೊದಲು, ಆರು ದಶಕದಿಂದ ಕುಳಿತ ಹಕ್ಕುಪತ್ರದ ಕಡತಕ್ಕೆ ಅದೇ ಕಚೇರಿಯಿಂದ ಸಹಿ ತರುವುದು ಸರ್ಕಾರದ ಕೈಲಾಗದ ಕೆಲಸವೇನಲ್ಲ ಎಂದು ನನಗನ್ನಿಸುತ್ತದೆ.