ಒಂದು ಸಲ ಕೊಟ್ಟವರೇ, ಮತ್ತೆ ಬನ್ನಿ!

ಮುಖಂಡರ ಹುಟ್ಟುಹಬ್ಬ ಬಂತೆಂದರೆ ನಮ್ಮ ಊರುಗಳಲ್ಲಿ ರಕ್ತದಾನದ ಶಾಮಿಯಾನ ಏಳುತ್ತದೆ. ಬ್ಯಾನರಿನ ಮುಕ್ಕಾಲು ಪಾಲು ಮುಖಂಡರ ಮುಖ. ಉಳಿದ ಕಾಲು ಪಾಲಿನಲ್ಲಿ ಒಂದು ಕೆಂಪು ಹನಿ. ಹುಡುಗರು ಸಾಲಾಗಿ ಮಲಗಿ ರಕ್ತ ಕೊಡುತ್ತಾರೆ, ಬಿಸ್ಕತ್ತು ತಿಂದು ಪ್ರಮಾಣಪತ್ರ ಹಿಡಿದು ಮನೆಗೆ ಹೋಗುತ್ತಾರೆ. ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ. ಅಲ್ಲಿಗೆ ಸೇವೆ ಮುಗಿಯಿತು! ಮೂರು ತಿಂಗಳ ಮೇಲೆ ಆ ಹುಡುಗರನ್ನು ಮತ್ತೆ ಕರೆಯುವವರು ಯಾರು? ಮುಖಂಡರು ಮತ್ತೆ ಹುಟ್ಟುವುದು ಮುಂದಿನ ವರ್ಷ ತಾನೆ!

ರಕ್ತ ಕೊಟ್ಟ ಹುಡುಗರ ಮೇಲೆ ನಮ್ಮ ದೂರಿಲ್ಲ. ನಮ್ಮ ಜಗಳವಿರುವುದು ಆ ಒಂದು ದಿನದ ಸಂತೆಯೊಡನೆ.

ಪೇಟೆಯ ಚಿಲ್ಲರೆ ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಣಸೆಹಣ್ಣು ತಂದಿಟ್ಟರೆ ವರ್ಷ ತಳ್ಳಬಹುದು. ಹಾಲು, ಸೊಪ್ಪು ಹಾಗಲ್ಲ. ರಕ್ತ ಹಾಲು ಸೊಪ್ಪಿನ ಸಾಲಿಗೆ ಸೇರಿದ್ದು. ಕೆಂಪು ಕಣಗಳನ್ನು, ಸೇರಿಸಿದ ದ್ರಾವಣಕ್ಕೆ ತಕ್ಕಂತೆ, 35 ಇಲ್ಲವೆ 42 ದಿನ ಇಡಬಹುದು. ಡೆಂಗಿ ಜ್ವರದ ಕಾಲದಲ್ಲಿ ಊರೆಲ್ಲ ಹುಡುಕಾಡುವ ಪ್ಲೇಟ್‌ಲೆಟ್ಟಿಗಂತೂ 5 ದಿನದ ಆಯುಸ್ಸು. ಒಂದೇ ದಿನ ಮುನ್ನೂರು ಜನ ಕೊಟ್ಟು, ಆಮೇಲೆ ಮೂರು ತಿಂಗಳು ಯಾರೂ ಆ ಕಡೆ ಸುಳಿಯದಿದ್ದರೆ ಮೊದಲ ತಿಂಗಳು ಸುಗ್ಗಿ, ಮಿಕ್ಕ ತಿಂಗಳು ಬರ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ; ವಿದ್ಯಾರ್ಥಿಗಳನ್ನೇ ನೆಚ್ಚಿಕೊಂಡ ಶಿಬಿರಗಳು ನಿಂತುಹೋಗುತ್ತವೆ. ಹೆರಿಗೆಗೆ ಬೇಸಗೆ ರಜೆ ಉಂಟೆ? ಲಾರಿ ಅಪಘಾತಕ್ಕೆ ಉಂಟೆ? ತಲಸ್ಸೀಮಿಯ ಎಂಬ ಹುಟ್ಟುಕಾಯಿಲೆ ಬಲವಾಗಿರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಆ ಮಗು ಯಾವ ಮುಖಂಡರ ಹುಟ್ಟುಹಬ್ಬಕ್ಕೆಂದು ಕಾಯಬೇಕು?

ಕಪಾಟು ಬರಿದಾದಾಗ ನಡೆಯುವುದೇನು ಎಂಬುದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತವರನ್ನು ಕೇಳಿ. ಹೆಂಡತಿಯನ್ನು ಹಳ್ಳಿಯಿಂದ ಕರೆತಂದ ಕೂಲಿಕಾರನ ಕೈಗೆ ಚೀಟಿ ಕೊಟ್ಟು, ಎರಡು ಚೀಲ ರಕ್ತ ಬೇಕು, ಬದಲಿಗೆ ಇಬ್ಬರನ್ನು ಕರೆದು ತಾ ಎನ್ನುತ್ತಾರೆ. ಈ ಊರಿನಲ್ಲಿ ಅವನಿಗೆ ಗುರುತಿರುವುದು ಬಸ್ ನಿಲ್ದಾಣವೊಂದೇ. ಧಣಿಗಳ ಮನೆಯವರಿಗಾದರೆ ಡ್ರೈವರು, ಗುಮಾಸ್ತ, ತೋಟದ ಆಳು ಸಾಲು ನಿಲ್ಲುತ್ತಾರೆ. ಇವನಿಗೆ ಗೇಟಿನಾಚೆಯ ದಲ್ಲಾಳಿಯೇ ಗತಿ. ಇದು ದಾನವಲ್ಲ, ಬಿಟ್ಟಿ ಚಾಕರಿ. ಹಣಕ್ಕೆ ರಕ್ತ ಮಾರುವ ದಂಧೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು 1996ರ ಜನವರಿ 4ರಂದು ತೀರ್ಪು ಕೊಟ್ಟಿತು. 1998ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. ಬದಲಿ ದಾನಿಗಳ ಪದ್ಧತಿಯೂ ಹಂತಹಂತವಾಗಿ ಹೋಗತಕ್ಕದ್ದೆಂದು 2002ರ ರಾಷ್ಟ್ರೀಯ ರಕ್ತ ನೀತಿ ಬರೆಯಿತು. ಬರೆದದ್ದು ಬರೆದಂತೆಯೇ ಉಳಿದಿದೆ. ಕಾಳಸಂತೆ ಹುಟ್ಟುವುದು ಅಭಾವದಲ್ಲಿ. ಅಭಾವವನ್ನು ಹಾಗೆಯೇ ಬಿಟ್ಟು ದಲ್ಲಾಳಿಯನ್ನು ಬೈದರೆ ಅವನಿಗೇನು ನಷ್ಟ?

ಅವನ ಬುಡಕ್ಕೆ ಕೊಡಲಿ ಹಾಕಬಲ್ಲವರು ಮೂರು ತಿಂಗಳಿಗೊಮ್ಮೆ, ಯಾರೂ ಕರೆಯದೆ, ಸುಮ್ಮನೆ ಹೋಗಿ ಕೊಟ್ಟು ಬರುವವರು. ಇವರ ರಕ್ತದಲ್ಲಿ ಇನ್ನೊಂದು ಗುಣವಿದೆ. ಕೊಟ್ಟ ರಕ್ತವನ್ನು ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪ್ರತಿ ಸಲವೂ ಪರೀಕ್ಷಿಸುತ್ತಾರೆ. ಆದರೆ ಸೋಂಕು ಹೊಸದಾಗಿ ತಗುಲಿದ್ದರೆ ಕೆಲವು ದಿನ ಅದು ಯಾವ ಪರೀಕ್ಷೆಗೂ ಸಿಗುವುದಿಲ್ಲ. ಆಗ ಕಾಪಾಡುವುದು ಕೊಡುವವನ ಬಾಯಿಂದ ಬರುವ ನಿಜವೊಂದೇ. ಹಣದಾಸೆಗೆ ಬಂದವನು ಸುಳ್ಳು ಹೇಳಿಯಾನು. ಭಾವನ ಒತ್ತಾಯಕ್ಕೆ ಬಂದವನು ನಾಚಿಕೆಗೆ ಮುಚ್ಚಿಟ್ಟಾನು. ತಾನಾಗಿ ಬಂದವನಿಗೆ ಮುಚ್ಚಿಡುವ ಕಾರಣವೇ ಇಲ್ಲ.

ನಿಜ ನುಡಿದರೆ ದಾನ ಎಂಬ ಹೆಸರೇ ನಮಗೆ ಹಿಡಿಸದು. ದಾನವೆಂದರೆ ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ನಮ್ಮ ರೈತಾಪಿ ಜನರಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ರಕ್ತದ ವ್ಯವಹಾರ ಇದೇ. ಮುಯ್ಯಿ ತೀರಿಸುವವನ ಮುಖ ನಮಗೆ ಕಾಣಿಸದು, ಅಷ್ಟೇ. 1921ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಿಂದ ಕರೆ ಬಂದಾಗ ಪರ್ಸಿ ಆಲಿವರ್ ಎಂಬ ರೆಡ್ ಕ್ರಾಸ್ ಕಾರ್ಯದರ್ಶಿ ಸಂಗಡಿಗರೊಡನೆ ಹೋದರು. ಬಂದವರೇ ಕರೆದಾಗ ಬರುವವರ ಪಟ್ಟಿಯೊಂದನ್ನು ಕಟ್ಟಿದರು. ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಯುದ್ಧ ನಡೆದಾಗ, 1936ರ ಕೊನೆಯಲ್ಲಿ, ಮ್ಯಾಡ್ರಿಡ್ಡಿನ ಸಾಮಾನ್ಯ ಜನ ಕೊಟ್ಟ ರಕ್ತವನ್ನು ಕೆನಡಾದ ಡಾಕ್ಟರ್ ನಾರ್ಮನ್ ಬೆಥೂನ್ ರಣರಂಗದವರೆಗೆ ಗಾಡಿಯಲ್ಲಿ ಒಯ್ದರು. ಆ ರಕ್ತವನ್ನು ಯಾರೂ ಯಾರಿಗೂ ದಾನ ಮಾಡಲಿಲ್ಲ, ಜೊತೆಗಾರರಿಗೆ ಕಳುಹಿಸಿದರು. ಇನ್ನು ನಮ್ಮಲ್ಲಿ? ಊರ ಹೋಟೆಲಿನಲ್ಲಿ ಲೋಟ ಬೇರೆ ಇಡುವ ಮಹಾನುಭಾವನೂ ಆಪರೇಷನ್ ಮೇಜಿನ ಮೇಲೆ ಮಲಗಿದಾಗ, ಚೀಲದ ರಕ್ತ ಯಾವ ಕೇರಿಯದೆಂದು ಕೇಳುವುದಿಲ್ಲ!

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಹೇಳಲೇಬೇಕು. ಒಮ್ಮೆ ಕೊಟ್ಟವರು ಮತ್ತೆ ಬಾರದಿರಲು ಇದೂ ಒಂದು ಕಾರಣ. “ನಾವು ಪುಕ್ಕಟೆ ಕೊಟ್ಟದ್ದನ್ನು ಅವರು ಸಾವಿರಾರು ರೂಪಾಯಿಗೆ ಮಾರುತ್ತಾರಲ್ಲ?” ಸಿಟ್ಟು ನ್ಯಾಯವಾದದ್ದೇ. ಆದರೆ ಲೆಕ್ಕ ತಿಳಿಯಿರಿ. ಚೀಲ, ಪರೀಕ್ಷೆ, ಶೀತಲ ಪೆಟ್ಟಿಗೆ, ಸಿಬ್ಬಂದಿ, ಇವುಗಳ ವೆಚ್ಚವೆಂದು 2022ರಲ್ಲಿ ರಾಷ್ಟ್ರೀಯ ರಕ್ತ ಪರಿಷತ್ತು ಒಂದು ಚೀಲ ಕೆಂಪು ಕಣಕ್ಕೆ ಸರ್ಕಾರಿ ರಕ್ತನಿಧಿಯಲ್ಲಿ 1,100, ಖಾಸಗಿಯಲ್ಲಿ 1,550 ರೂಪಾಯಿ ಮಿತಿ ಹಾಕಿತು. ರಕ್ತ ಮಾರಾಟದ ವಸ್ತುವಲ್ಲ, ಸಂಸ್ಕರಣೆಯ ಶುಲ್ಕ ಬಿಟ್ಟು ಬೇರೇನೂ ಕೀಳಕೂಡದೆಂದು ಕೇಂದ್ರದ ಔಷಧ ನಿಯಂತ್ರಕರೂ ತಾಕೀತು ಮಾಡಿದರು. ಮಿತಿ ಮೀರಿ ಕೀಳುವವರಿದ್ದರೆ ರಸೀದಿ ಕೇಳಿ ಪಡೆಯಿರಿ, ದೂರು ಕೊಡಿ, ನಾಲ್ಕು ಜನ ಸೇರಿ ಬಾಗಿಲಲ್ಲಿ ನಿಲ್ಲಿ. ಕೊಡುವುದನ್ನೇ ನಿಲ್ಲಿಸಿದರೆ ಪೆಟ್ಟು ಬೀಳುವುದು ಲಾಭಕೋರನಿಗಲ್ಲ, ಹಾಸಿಗೆ ಹಿಡಿದವನಿಗೆ.

ಶಕ್ತಿ ಉಡುಗೀತೆಂಬ ಅಂಜಿಕೆ ಎರಡನೆಯದು. ಮೈಯಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ತೆಗೆಯುವುದು 350 ಇಲ್ಲವೆ 450 ಮಿಲಿಲೀಟರು. ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕಣಗಳು ಕೆಲವು ವಾರಗಳಲ್ಲಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರವಿಟ್ಟಿರುವುದು ಕಬ್ಬಿಣದಂಶ ಕೂಡಿಕೊಳ್ಳಲೆಂದೇ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ರೈಲ್ವೆ ಗುಮಾಸ್ತರು. ಹದಿನಾಲ್ಕರ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾಗಿ ಪರರ ರಕ್ತದಿಂದ ಉಳಿದವರು. 1954ರಲ್ಲಿ ಶುರುಮಾಡಿ 2018ರವರೆಗೆ 1,173 ಸಲ ಕೊಟ್ಟರು. ಹೆಚ್ಚಿನದು ಪ್ಲಾಸ್ಮಾ, ಆದುದರಿಂದ ಅಷ್ಟು ಸಲ ಸಾಧ್ಯವಾಯಿತು. ಅದರಿಂದಾದ ಔಷಧಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಶಿಶುಗಳಿಗೆ ರಕ್ಷಣೆಯಾಯಿತೆಂದು ಅಲ್ಲಿನ ಲೆಕ್ಕ. 2025ರ ಫೆಬ್ರವರಿಯಲ್ಲಿ, 88ರ ವಯಸ್ಸಿನಲ್ಲಿ ತೀರಿಕೊಂಡರು. ಸೂಜಿಯೆಂದರೆ ಅವರಿಗೂ ಆಗುತ್ತಿರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಕೊಟ್ಟರು.

ಆದರೆ ಎಲ್ಲರೂ ಕೊಡಲಾರರು, ಆ ಬಗ್ಗೆ ಯಾರನ್ನೂ ಹಳಿಯಕೂಡದು. ಹಿಮೋಗ್ಲೋಬಿನ್ 12.5 ಇರಬೇಕು, ತೂಕ 45 ಕಿಲೋ ಆದರೂ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ದುಡಿಯುವವಳ ತಟ್ಟೆಗೆ ಬೇಳೆ, ಸೊಪ್ಪು, ಮೊಟ್ಟೆ ಬೀಳದಂತೆ ಕೂಲಿ ಕಟ್ಟಿದವರು ಶಾಮಿಯಾನ ಹಾಕಿ ಅವಳ ರಕ್ತ ಕೇಳುವುದು ಯಾವ ನ್ಯಾಯ?

ಗಿರಣಿಯ ಬಂಧುಗಳು ಇನ್ನೊಂದು ನಿಯಮ ತಿಳಿದಿರಬೇಕು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟವರು ಆ ಸ್ಥಿತಿಯಲ್ಲಿ ಕೊಡುವಂತಿಲ್ಲ. ಭಾರಿ ವಾಹನ ನಡೆಸುವವರಂಥ ಅಪಾಯದ ಕೆಲಸದವರಿಗೆ ಕೊಟ್ಟ ಮೇಲೆ 24 ಗಂಟೆ ಕೆಲಸ ಕೂಡದು. ಅಂದಮೇಲೆ ಕೊಡುವವನಿಗೆ ಬಿಡುವು ಬೇಕೆಂಬುದು ವೈದ್ಯರ ಮಾತೇ ಹೊರತು ಸೋಮಾರಿಯ ನೆಪವಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಕೆಲಸದ ದಿನ ರಕ್ತ ಕೊಟ್ಟರೆ ವರ್ಷಕ್ಕೆ ನಾಲ್ಕು ಸಲ ವಿಶೇಷ ಸಾಂದರ್ಭಿಕ ರಜೆಯ ಅನುಕೂಲವನ್ನು 2017ರ ಡಿಸೆಂಬರಿನಲ್ಲೇ ಕೊಟ್ಟಿದ್ದಾರೆ. ಮೇಜಿನ ಮುಂದೆ ಕೂರುವವನ ರಕ್ತಕ್ಕೆ ರಜೆ, ಯಂತ್ರದ ಮುಂದೆ ನಿಲ್ಲುವವನ ರಕ್ತಕ್ಕೆ ಸಂಬಳ ಕಡಿತವೇ? ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸಂಬಳಸಹಿತ ನಾಲ್ಕು ದಿನ ಎಂದು ಬರೆಯಿರಿ. ಶಿಬಿರಕ್ಕೆ ಹಾರ ತುರಾಯಿ ಕೊಡುವ ಮಾಲೀಕರು ಏನೆನ್ನುತ್ತಾರೋ ನೋಡೋಣ.

ಅದಕ್ಕೂ ಮೊದಲು ಆಗಬೇಕಾದದ್ದು ಚಿಕ್ಕ ಕೆಲಸ. ಯೂನಿಯನ್ ಕಚೇರಿಯ ಗೋಡೆಗೆ, ವರ್ತಕರ ಸಂಘದ ಗೋಡೆಗೆ ಒಂದೊಂದು ಹಾಳೆ ಅಂಟಿಸಿ: ಹೆಸರು, ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಖು. ಹೆಸರು ಬರೆಯುವುದು ಅವರವರ ಇಷ್ಟ. ಆರೋಗ್ಯದ ಕಾರಣಕ್ಕೆ ಬರೆಯದವರನ್ನು ಯಾಕೆಂದು ಕೇಳಬೇಡಿ. ಒಂದು ನಕಲು ರಕ್ತನಿಧಿಯವರ ಬಳಿ ಇರಲಿ. ಯಾವ ವಾರ ಯಾವ ಗುಂಪು ಸಾಲದೆಂದು ಅವರು ಹೇಳಿದಂತೆ, ತಾರೀಖು ತುಂಬಿದವರು ಇಬ್ಬರು ಮೂವರಾಗಿ ಹೋಗಿಬರಲಿ. ಐವತ್ತು ಜನ ಒಂದೇ ದಿನ ಹೋಗುವುದು ಬೇಡ.